ಹೊಸ ಮೈಕ್ ಈಗಲೇ ಬೇಡ ಮಾರಾಯ

ಪ್ರಿಯ ಗೆಳೆಯಾ,

ನೀನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಯಕ್ಷಗಾನದ ಪದ್ಯ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸ್ವರ ಚೆನ್ನಾಗಿಯೇ ಉಂಟು. ಆದರೆ ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ಇನ್ನೂ ಜಾಸ್ತಿ ದುಡ್ಡಿನ ಮೈಕ್ ತರಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಸ್ವಲ್ಪ ತಡಿ. ಅದು ಬಂದರೆ ಮಂಗಳೂರಿನ ಬಿಜೈಯ ನಿನ್ನ ಕೋಣೆ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ತೊಂದರೆ ಇರುವುದೇ ಆ ಕೋಣೆಯಲ್ಲಿ. ನೆಲಕ್ಕೆ ಟೈಲ್ಸ್, ಸುತ್ತ ಬೋಳು ಗೋಡೆ, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ನಿನ್ನ ಸ್ವರ ಮೈಕಿಗೆ ನೇರವಾಗಿಯೂ ಹೋಗುತ್ತದೆ, ಇವಕ್ಕೆಲ್ಲ ಬಡಿದು ಸ್ವಲ್ಪ ತಡವಾಗಿ ಮತ್ತೆಯೂ ಹೋಗುತ್ತದೆ. ನೀನು ಮೈಕಿನ ಹಿಂದಿನ ಗೋಡೆಗೆ ತೆಳು ಸ್ಪಂಜ್ ಅಂಟಿಸಿದ್ದೀಯ. ಎಲ್ಲರೂ ಮಾಡುವುದು ಅದನ್ನೇ. ಆದರೆ ನಿನ್ನದು ಕಾರ್ಡಿಯಾಯ್ಡ್ ಮೈಕ್, ಅದಕ್ಕೆ ಬೆನ್ನ ಕಡೆಯ ಸದ್ದು ಕಡಿಮೆ ಕೇಳುತ್ತದೆ. ಅದು ಮುಖ ಮಾಡಿರುವುದು ನಿನ್ನ ಕಡೆಗೆ, ಅಂದರೆ ನಿನ್ನ ಬೆನ್ನ ಹಿಂದಿನ ಗೋಡೆಯ ಕಡೆಗೂ. ಹಾಗಾಗಿ ಹತ್ತಿಯ ಹಾಸಿಗೆಯೊಂದನ್ನು ನಿನ್ನ ಹಿಂದೆ ನಿಲ್ಲಿಸು. ಇಲ್ಲದಿದ್ದರೆ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ಕೂರು. ನೆಲಕ್ಕೆ ಜಮಖಾನ ಹಾಸು. ಮೊಟ್ಟೆ ಟ್ರೇ ಅಂಟಿಸುವ ಯೋಚನೆ ಇದ್ದರೆ ಸುಮ್ನೆ ಬಿಟ್ಟುಬಿಡು. ಗುಂಯ್ ಅನ್ನುವ ಕೆಳಗಿನ ಸದ್ದನ್ನು ಅದು ತಡೆಯುವುದಿಲ್ಲ. ತೆಳು ಸ್ಪಂಜಿನದ್ದೂ ಅದೇ ಕತೆ.

ಇನ್ನು ದೂರದ ವಿಷಯ. ಯಕ್ಷಗಾನದ ಆಟದಲ್ಲಿ ಮೈಕ್ ಬಾಯಿಗೇ ತಾಗಿಕೊಂಡಿರುತ್ತದೆ. ಪಕ್ಕದಲ್ಲೇ ಚೆಂಡೆ ಇರುವಾಗ ಅದು ಬೇಕೇ ಬೇಕು. ಸಣ್ಣ ಸದ್ದನ್ನೂ ಹಿಡಿಯುವ ಮನೆಯ ಕಂಡೆನ್ಸರ್ ಮೈಕಿಗೆ ಅಷ್ಟು ಹತ್ತಿರ ಹೋದರೆ ಸ್ವರದ ಕೆಳಭಾಗ ಉಬ್ಬುತ್ತದೆ, ಪ, ಬ, ಭ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಅದಕ್ಕೆ ಹೆದರಿ ನೀನು ದೂರ ಹೋಗಿದ್ದೀಯ ಅಂತ ಕಾಣುತ್ತದೆ. ದೂರ ಎರಡರಷ್ಟಾದರೆ ನೇರ ಬರುವ ಸ್ವರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಸದ್ದು ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಸಾಕು. ಮಧ್ಯದಲ್ಲಿ ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ತಡೆಯುವ ಪರದೆ, ಇಡು. ಮೈಕನ್ನು ಬಾಯಿಯ ನೇರಕ್ಕೆ ಇಡದೆ ತುಸು ಪಕ್ಕಕ್ಕೆ ಸರಿಸಿ ಬಾಯಿಯ ಕಡೆಗೆ ತಿರುಗಿಸು, ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ.

ಗೇನ್, ಅಂದರೆ ಮೈಕಿನ ಸದ್ದನ್ನು ಏರಿಸುವ ಮಟ್ಟ, ಇಡುವಾಗ ಮೆಲ್ಲಗೆ ಹಲೋ ಹಲೋ ಅನ್ನಬೇಡ. ಪದ್ಯದ ಅತಿ ಏರಿನ ಸಾಲನ್ನೇ ಪೂರ್ತಿ ಗಂಟಲಲ್ಲಿ ಹಾಡು, ಮೀಟರ್ ಮೈನಸ್ 10 ಡೆಸಿಬೆಲ್‌ನ ಆಸುಪಾಸಿಗೆ ನಿಲ್ಲುವ ಹಾಗೆ ನೋಡಿಕೋ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸ್ವರ ಸಣ್ಣಗೆ ಬಂದರೂ ಆಮೇಲೆ ಏರಿಸಬಹುದು. ಮೀಟರಿನ ತುದಿಯ ಸೊನ್ನೆ ಮುಟ್ಟಿ ಒಡೆದ ಸ್ವರವನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ.

ಶ್ರುತಿ ಹೆಡ್‌ಫೋನಿನಲ್ಲೇ ಇರಲಿ, ಮೊಬೈಲ್ ಸ್ಪೀಕರಿನಲ್ಲಿ ಬೇಡ. ಒಂದು ಕಿವಿ ತೆರೆದಿಟ್ಟು ಹಾಡುವ ಅಭ್ಯಾಸ ನಿನ್ನದು, ಅಲ್ವಾ? ಹಾಗಾದರೆ ತೆರೆದ ಕಡೆಯ ಹೆಡ್‌ಫೋನ್ ಕಪ್ ಅನ್ನು ತಲೆಗೆ ಒತ್ತಿಕೊಂಡಿರು, ಇಲ್ಲದಿದ್ದರೆ ಶ್ರುತಿ ಅಲ್ಲಿಂದ ಸೋರಿ ಮೈಕಿಗೆ ಹೋಗುತ್ತದೆ. ಜಾಗಟೆ ಆಮೇಲೆ ಬೇರೆ ಟ್ರ್ಯಾಕಿನಲ್ಲಿ ಬಾರಿಸು.

ನಡುನಡುವೆ ಒಂದು ಜುಂಯ್ ಸದ್ದೂ ಉಂಟು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡು. ಕರೆಂಟ್ ಹೋಗಿ ಇನ್ವರ್ಟರ್ ಓಡುತ್ತಿದ್ದರೆ ರೆಕಾರ್ಡ್ ಮಾಡಲೇಬೇಡ. ಫ್ಯಾನ್ ಬಂದ್ ಮಾಡು, ಬೆವರುವುದು ಇದ್ದದ್ದೇ. ಟೆರೇಸಿನ ಶೀಟಿನ ಮೇಲೆ ಮಳೆ ಬೀಳುವಾಗ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ, ಅದು ನಿಲ್ಲುವವರೆಗೆ ಚಾ ಕುಡಿ. ನಮ್ಮ ಕರಾವಳಿಯ ತೇವ ಕಂಡೆನ್ಸರಿಗೆ ಆಗಿಬರುವುದಿಲ್ಲ, ಪಟಪಟ ಸದ್ದು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡು.

ಇಷ್ಟಾದರೂ ಕೋಣೆ ಕೇಳಿದರೆ, ತಾಳಮದ್ದಳೆಗೆ ಒಯ್ಯುವ ಹಳೆಯ ಡೈನಮಿಕ್ ಮೈಕನ್ನು ತೆಗಿ. ಅದಕ್ಕೆ ಕಂಡೆನ್ಸರಿಗೆ ಕೊಡುವ 48 ವೋಲ್ಟ್ ಕರೆಂಟ್ ಬೇಡ, ಗೇನ್ ಮಾತ್ರ ಜಾಸ್ತಿ ಬೇಕು. ಬಾಯಿಗೆ ಹತ್ತಿರ ಹಿಡಿಯುವುದರಿಂದ ಕೋಣೆ ಹಿಂದೆ ಉಳಿಯುತ್ತದೆ. ನಿನ್ನ ಗಟ್ಟಿ ಸ್ವರಕ್ಕೆ ಅದೇ ಹೊಂದಬಹುದು ಅಂತ ನನಗೆ ಒಳಗೊಳಗೆ ಅನುಮಾನ.

ಅದೇ ಪದ್ಯವನ್ನು ಎರಡೂ ಮೈಕಿನಲ್ಲಿ ಹಾಡಿ ಕಳಿಸು. ವಾಟ್ಸಾಪಿನಲ್ಲಿ ಆಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ, ವೇವ್ ಫೈಲನ್ನೇ. ಸ್ವರ ಗುಂಯ್‌ಗುಡಿಸುವ ರಿವರ್ಬ್ ಹಾಕಬೇಡ ಮಾರಾಯ!

ಇಂತಿ,
ಉಡುಪಿಯಿಂದ ನಿನ್ನ ಗೆಳೆಯ