ಬಾಚಿಗೆ ಅಂಟಿಸಿದ ತಪ್ಪು ಚೀಟಿ

ಮಾನ್ಯರೇ,

ಹೊರದೇಶದ ಮ್ಯೂಸಿಯಂಗಳಲ್ಲಿರುವ ನಮ್ಮ ವಸ್ತುಗಳನ್ನೆಲ್ಲ ವಾಪಸ್ ತರಿಸಬೇಕೆಂದು ಈ ಅಂಕಣದಲ್ಲಿ ಕೆಲವರು ಬರೆದಿದ್ದಾರೆ. ಕದ್ದೊಯ್ದ ವಿಗ್ರಹದ ಮಾತಾದರೆ ನಾನೂ ಹೂಂ ಅನ್ನುತ್ತೇನೆ. ಕಾಸು ಕೊಟ್ಟು ಕೊಂಡೊಯ್ದ ದಿನಬಳಕೆಯ ಸಾಮಾನಿನ ಲೆಕ್ಕ ಬೇರೆ. ಅದರಲ್ಲಿ ಜಪಾನಿನವರು ಹಿಡಿದ ದಾರಿ ಗಮನಿಸುವಂತಿದೆ.

ನಾನು ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದ ಕ್ರಾಫ್ಟ್ ಮೇಷ್ಟ್ರು. ಮಕ್ಕಳಿಗೆ ನಾನು ಹೇಳಿಕೊಟ್ಟದ್ದು ಮುಂದಕ್ಕೆ ತಳ್ಳಿ ಮರವನ್ನು ನಯಮಾಡುವ ತೋಪಡ. ಜಪಾನಿನ ಬಡಗಿ ತೋಪಡವನ್ನೂ ಗರಗಸವನ್ನೂ ತನ್ನ ಕಡೆಗೇ ಎಳೆಯುತ್ತಾನೆ. ಎಳೆದರೆ ಅಲಗು ಬಾಗುವುದಿಲ್ಲ, ಹಾಗಾಗಿ ಗರಗಸದ ತಗಡು ತೆಳ್ಳಗಿದ್ದರೂ ನಡೆಯುತ್ತದೆ. ಇದರ ಬೆನ್ನು ಹತ್ತಿ ಹೋದಾಗ ಸಿಕ್ಕವನೇ ಅಮೆರಿಕದ ಎಡ್ವರ್ಡ್ ಮೋರ್ಸ್.

ಈತ ಪ್ರಾಣಿಶಾಸ್ತ್ರಜ್ಞ. 1877ರಲ್ಲಿ ಜಪಾನಿಗೆ ಹೋದದ್ದು ಚಿಪ್ಪಿನ ಕಡಲಜೀವಿಗಳನ್ನು ಹುಡುಕಿಕೊಂಡು. ಯೊಕೊಹಾಮಾದಿಂದ ಟೋಕಿಯೋಗೆ ಹೋಗುವಾಗ ರೈಲಿನ ಕಿಟಕಿಯಲ್ಲೇ ಒಮೊರಿಯ ಹಳೆಯ ಚಿಪ್ಪಿನ ದಿಬ್ಬ ಕಂಡು, ಆಮೇಲೆ ಅಲ್ಲಿ ಅಗೆದ. ಎರಡೂ ಕೈಯಲ್ಲಿ ಒಟ್ಟಿಗೆ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದನಂತೆ. ನನಗೆ ಒಂದು ಕೈಯಲ್ಲೇ ಗೆರೆ ನೆಟ್ಟಗೆ ಬರಲು ವರ್ಷಗಳು ಬೇಕಾದವು. ಮೇಜಿ ಚಕ್ರವರ್ತಿಯ ಕಾಲದ ಜಪಾನ್ ಪಾಶ್ಚಾತ್ಯರಂತಾಗುವ ಆತುರದಲ್ಲಿದ್ದಾಗ ಈತ ಮರದ ಚಪ್ಪಲಿ, ಮಕ್ಕಳ ಆಟಿಕೆ, ಅಡುಗೆ ಪಾತ್ರೆಗಳನ್ನು ಗುಡ್ಡೆ ಹಾಕಿದ. ಕೊಂಪೇಟೊ ಎಂಬ ಸಕ್ಕರೆ ಮಿಠಾಯಿಯನ್ನು ಕೂಡ ಗಾಜಿನ ಸೀಸೆಗೆ ತುಂಬಿಸಿ ಮ್ಯಾಸಚೂಸೆಟ್ಸ್‌ನ ಸೇಲಂಗೆ ಒಯ್ದ. ತಿಂದು ಮುಗಿಸುವ ಮಿಠಾಯಿಯನ್ನು ಯಾರು ಕಾದಿಡುತ್ತಾರೆ ಹೇಳಿ! ಅವನು ಕೂಡಿಸಿದ ಸುಮಾರು 5000 ಮಣ್ಣಿನ ಪಾತ್ರೆಗಳು 1892ರಲ್ಲಿ ಬೋಸ್ಟನ್ನಿನ ಮ್ಯೂಸಿಯಂ ಸೇರಿದವು. 1901ರ ಕ್ಯಾಟಲಾಗಿನಲ್ಲಿ ಅವುಗಳನ್ನು ಪ್ರಾಂತವಾರು ಜೋಡಿಸಿದ್ದಾನೆ.

ಇಂಥ ಸಂಗ್ರಹಗಳು ಇರುವಲ್ಲಿಗೇ ಜಪಾನಿನ ವಿದ್ವಾಂಸರು ಹೋಗಿ, ಅಲ್ಲಿನ ಸಿಬ್ಬಂದಿಯ ಜೊತೆ ಕೂತು ಒಂದೊಂದನ್ನೂ ಗುರುತಿಸುತ್ತಾರೆ. ಮೋರ್ಸನ ಸಾಮಾನು 2013ರಲ್ಲಿ ಟೋಕಿಯೋದ ಎದೊ-ಟೋಕಿಯೋ ಮ್ಯೂಸಿಯಂನ ಪ್ರದರ್ಶನಕ್ಕೆ ಎರವಲು ಬಂದಿತ್ತು, ಮಿಠಾಯಿ ಸೀಸೆಯೂ ಸೇರಿ. ಜರ್ಮನ್ ವೈದ್ಯ ಸೀಬೋಲ್ಡ್ ಒಯ್ದ ವಸ್ತುಗಳು ಲೈಡನ್, ಮ್ಯೂನಿಕ್‌ಗಳಲ್ಲಿವೆ. ಅವುಗಳ ಅಧ್ಯಯನದಲ್ಲಿ ತೊಡಗಿದ ಜಪಾನಿನ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂ 2016ರಲ್ಲಿ ಪ್ರದರ್ಶನವನ್ನೂ ಮಾಡಿತು. ಸೀಬೋಲ್ಡನ ಸಂಗ್ರಹದ ಕಥೆ ಪೂರ್ತಿ ಚೊಕ್ಕವಲ್ಲ. ಹೊರದೇಶದವರಿಗೆ ಕೊಡಬಾರದೆಂಬ ನಿಷೇಧವಿದ್ದ ಜಪಾನಿನ ನಕ್ಷೆ ಅವನ ಕೈಸೇರಿದ್ದು 1828ರಲ್ಲಿ ಬಯಲಾಗಿ, ಅದನ್ನು ಕೊಟ್ಟ ಸರ್ಕಾರಿ ಖಗೋಳಜ್ಞ ತಕಾಹಾಶಿ ಕಾಗೆಯಾಸು ಸೆರೆಯಲ್ಲೇ ಸತ್ತ. ಸೀಬೋಲ್ಡನಿಗೆ ಆದದ್ದು ಗಡೀಪಾರು ಮಾತ್ರ.

ಈಗ ನನ್ನ ಮನೆಯ ಮಾತು. ಬಡಗಿಯಾಗಿದ್ದ ಅಪ್ಪ ತೀರಿಕೊಂಡ ಮೇಲೆ ಅವರ ಹತಾರಗಳ ಪೆಟ್ಟಿಗೆಯನ್ನು ನಮ್ಮ ಕಡೆಯ ಒಂದು ಮ್ಯೂಸಿಯಂಗೆ ಕೊಟ್ಟೆ. ಯಾವ ಉಳಿಯಲ್ಲಿ ಏನು ಕೆತ್ತುತ್ತಿದ್ದರು, ಯಾವ ಊರಿನ ಕಮ್ಮಾರ ಬಡಿದು ಕೊಟ್ಟದ್ದು, ಎಲ್ಲವನ್ನೂ ಎರಡು ಹಾಳೆ ಬರೆದು ಪೆಟ್ಟಿಗೆಯೊಳಗೆ ಇಟ್ಟಿದ್ದೆ. ಕೆಲವು ವರ್ಷ ಬಿಟ್ಟು ಮೊಮ್ಮಗಳನ್ನು ಕರೆದುಕೊಂಡು ಹೋದೆ. ಹಾಳೆ ಇಲ್ಲ. ಅಪ್ಪ ಮರ ಕೆತ್ತುತ್ತಿದ್ದ ಬಾಚಿ ಕುಡಗೋಲುಗಳ ನಡುವೆ ತೂಗುತ್ತಿತ್ತು, ಕೆಳಗೆ ‘ಕೃಷಿ ಉಪಕರಣಗಳು’ ಎಂಬ ಚೀಟಿ. ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ತಗ್ಗು ಹಾಗೇ ಇತ್ತು. ಮೊಮ್ಮಗಳು “ತಾತಾ, ಮುತ್ತಾತ ರೈತರಾ?” ಅಂದಳು.

ವಿದೇಶದಿಂದ ತರಿಸಿದ್ದನ್ನೂ ನಾವು ಹೀಗೇ ತೂಗುಹಾಕುವುದಾದರೆ ಅವು ಅಲ್ಲೇ ಇರಲಿ. ಮೊದಲು ಇಲ್ಲಿ ಬಿದ್ದಿರುವುದಕ್ಕೆ ಸರಿಯಾದ ಪಟ್ಟಿ ಆಗಲಿ, ಕಸುಬಿನವರನ್ನು ಕೂರಿಸಿಕೊಂಡು. ಆ ಪಟ್ಟಿ ಹಿಡಿದು ಹೊರಗಿನವರ ಬಾಗಿಲು ತಟ್ಟೋಣ.

ಚೀಟಿ ಬದಲಿಸಿ ಎಂದು ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ. ಅಪ್ಪನ ಹುಣಸೆ ಮರದ ಕೊಡತಿ ಇನ್ನೂ ನನ್ನ ಹತ್ತಿರ ಇದೆ. ಯಾರಾದರೂ ಬಂದರೆ ಮ್ಯೂಸಿಯಂನಲ್ಲಿರುವ ಹತಾರಗಳಲ್ಲಿ ಒಂದೊಂದನ್ನೂ ತೋರಿಸಿ ಹೇಳಬಲ್ಲೆ. ನನಗೀಗ ಎಪ್ಪತ್ತಾರು.

– ನಿವೃತ್ತ ಕ್ರಾಫ್ಟ್ ಮೇಷ್ಟ್ರು, ಸಾಗರ