ಪುಸ್ತಕ ವಾಪಸ್ ಬಂದ ಮೇಲೆ ನಮ್ಮ ಹೆಸರು ಯಾಕೆ ಉಳಿಯಬೇಕು?

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ಸಾರ್ವಜನಿಕ ಗ್ರಂಥಾಲಯ ಇಲಾಖೆ ನಿಮ್ಮ ಕೈಕೆಳಗೆ ಬರುತ್ತದೆ. ಅದಕ್ಕೇ ಈ ಪತ್ರ ನಿಮಗೆ. ಯಾರು ಯಾವ ಪುಸ್ತಕ ಒಯ್ದರು ಅನ್ನುವ ದಾಖಲೆ, ಪುಸ್ತಕ ವಾಪಸ್ ಬಂದ ದಿನವೇ ಅಳಿಯಬೇಕು. ಪುಸ್ತಕ ಇನ್ನೂ ಓದುಗರ ಮನೆಯಲ್ಲಿರುವಾಗ ಆ ದಾಖಲೆಯನ್ನು ಪೊಲೀಸರೇ ಕೇಳಲಿ, ಬೇರೆ ಇಲಾಖೆಯವರೇ ಕೇಳಲಿ, ಮ್ಯಾಜಿಸ್ಟ್ರೇಟರ ಆದೇಶ ತೋರಿಸದೆ ಕೊಡಬಾರದು. ನಾನು ಕೇಳುತ್ತಿರುವುದು ಇಷ್ಟೇ.

ಇತ್ತೀಚೆಗೆ ಧಾರವಾಡದ ಒಂದು ಲೈಬ್ರರಿಗೆ ಸದಸ್ಯತ್ವ ಮಾಡಿಸಲು ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಸುಮ್ನೆ ಅಲ್ಲಿಯವರಿಗೆ ತೊಂದರೆ ಆಗುತ್ತದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಹೆಸರು, ಊರು, ಮೊಬೈಲ್ ನಂಬರ್, ಬಂದ ವೇಳೆ, ಸಹಿ. ನನ್ನ ಮುಂದೆ ನಿಂತಿದ್ದ ಹುಡುಗಿ ನಂಬರಿನ ಜಾಗದಲ್ಲಿ ಒಂಬತ್ತೇ ಅಂಕಿ ಬರೆದು ಒಳಗೆ ಹೋದಳು. ಜಾಣೆ. ಅವಳ ಮೇಲಿನ ಸಾಲುಗಳಲ್ಲಿ ಬೇರೆ ಹೆಣ್ಣುಮಕ್ಕಳ ಹೆಸರು, ನಂಬರ್ ಪೂರ್ತಿ ಇದ್ದವು. ಯಾರು ಬೇಕಾದರೂ ನಿಂತು ಫೋಟೊ ಹೊಡೆದುಕೊಳ್ಳಬಹುದಿತ್ತು. ಕೌಂಟರಿನಲ್ಲಿ ಆಧಾರ್ ಝೆರಾಕ್ಸ್ ಕೇಳಿದರು. ಬೇರೆಯವರ ಝೆರಾಕ್ಸುಗಳು ಅಲ್ಲೇ ಪೇಪರ್‌ವೇಟಿನ ಕೆಳಗೆ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದ್ದವು. "ಪುಸ್ತಕ ಒಯ್ಯಾಕ ಆಧಾರ್ ಯಾಕ್ ಬೇಕ್ರಿ?" ಅಂದೆ. "ಮ್ಯಾಲಿಂದ ಹೇಳ್ಯಾರ್ರಿ ಸರ, ನಾವೇನ್ ಮಾಡೂಣು" ಅಂದರು. ಅವರ ಮೇಲೆ ನನ್ನ ದೂರಿಲ್ಲ. ಹಾಗೊಂದು ಲಿಖಿತ ಆದೇಶ ನಿಜಕ್ಕೂ ಇದೆಯಾ, ಇದ್ದರೆ ಯಾರದು, ನೀವೇ ವಿಚಾರಿಸಿ.

ಹಳೆಯ ಚೀಟಿ ಪದ್ಧತಿ ನಿಮಗೂ ನೆನಪಿರಬಹುದು. ಪುಸ್ತಕದ ರಟ್ಟಿನ ಒಳಮೈಗೆ ಅಂಟಿಸಿದ ಸಣ್ಣ ಕಿಸೆ, ಅದರೊಳಗೆ ಪುಸ್ತಕದ ಕಾರ್ಡು. ಸದಸ್ಯರಿಗೂ ಕಿಸೆಯಂಥದೇ ಒಂದು ಟಿಕೆಟ್. ಪುಸ್ತಕ ಒಯ್ಯುವಾಗ ಕಾರ್ಡನ್ನು ಟಿಕೆಟ್ಟಿನೊಳಗೆ ತುರುಕಿ ಟ್ರೇಯಲ್ಲಿ ನಿಲ್ಲಿಸುತ್ತಿದ್ದರು. ವಾಪಸ್ ತಂದಾಗ ಎರಡನ್ನೂ ಬಿಡಿಸಿ ಟಿಕೆಟ್ ನಮ್ಮ ಕೈಗೆ ಕೊಡುತ್ತಿದ್ದರು. ಅಲ್ಲಿಗೆ ಲೆಕ್ಕ ಚುಕ್ತಾ. ಪುಸ್ತಕದಲ್ಲಿ ಉಳಿಯುತ್ತಿದ್ದದ್ದು ತಾರೀಖಿನ ಸೀಲು ಮಾತ್ರ. ಹೋದ ತಿಂಗಳು ಇದನ್ನು ಯಾರು ಓದಿದ್ದರು ಅಂತ ಯಾರಾದರೂ ಬಂದು ಗದರಿಸಿದರೂ ಹೇಳಲು ಏನೂ ಇರುತ್ತಿರಲಿಲ್ಲ. ಖಾಸಗಿತನ ಕಾಯೋಣ ಅಂತ ಯಾರೂ ಹಾಗೆ ಮಾಡಿದ್ದಲ್ಲ, ಕೆಲಸ ಬೇಗ ಆಗಲಿ ಅಂತ ಮಾಡಿದ್ದು. ಆದರೂ ನಮ್ಮನ್ನು ಕಾದಿತ್ತು.

ಕಂಪ್ಯೂಟರ್ ಹಾಗಲ್ಲ. ಅಳಿಸು ಅಂತ ನಾವು ಹೇಳದಿದ್ದರೆ ಅದು ಅಳಿಸುವುದಿಲ್ಲ. ಹಾಗಂತ ಕಂಪ್ಯೂಟರ್ ಬೇಡ ಅನ್ನುವ ಪೈಕಿ ನಾನಲ್ಲ. ಎಷ್ಟೋ ಕಾಲೇಜುಗಳಲ್ಲಿ ಬಳಸುವ ಕೊಹಾ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಪುಸ್ತಕ ವಾಪಸ್ ಬಂದ ಕೂಡಲೇ ಓದುಗರ ಹೆಸರನ್ನು ಆ ದಾಖಲೆಯಿಂದ ಬೇರ್ಪಡಿಸುವ ಸೌಲಭ್ಯ ಅದರಲ್ಲಿದೆ. ಸೆಟ್ಟಿಂಗ್ ಬದಲಿಸಿದರೆ ಆಯಿತು. ಅದಕ್ಕೆ ಟೆಂಡರ್ ಬೇಡ, ಅನುದಾನವೂ ಬೇಡ.

ಪೊಲೀಸರು ಇಲ್ಲಿ ಯಾವುದೋ ಲೈಬ್ರರಿಗೆ ಬಂದು ರಿಜಿಸ್ಟರ್ ಒಯ್ದರು ಅಂತ ನಾನು ಹೇಳುತ್ತಿಲ್ಲ. ಒಯ್ಯಬೇಕು ಅಂದರೆ ತಡೆಯುವವರು ಯಾರೂ ಇಲ್ಲ ಅನ್ನುತ್ತಿದ್ದೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ, ತನಿಖೆಗೆ ಬೇಕಾದ ದಾಖಲೆಯನ್ನು ಠಾಣಾಧಿಕಾರಿಯೇ ಲಿಖಿತ ಆದೇಶ ಕೊಟ್ಟು ತರಿಸಿಕೊಳ್ಳಬಹುದು. ನ್ಯಾಯಾಧೀಶರ ಮುಖ ನೋಡಬೇಕಿಲ್ಲ. ಇದಕ್ಕೂ ಮುಂಚೆ ಇದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 91ನೇ ಸೆಕ್ಷನ್ ಕೂಡ ಇದೇ ಆಗಿತ್ತು. ಆದರೆ ಅದೇ ಕಾನೂನು ಅಂಚೆ ಇಲಾಖೆಯ ಕೈಯಲ್ಲಿರುವ ಕಾಗದ, ಪಾರ್ಸೆಲ್ಲುಗಳನ್ನು ಈ ಅಧಿಕಾರದಿಂದ ಹೊರಗಿಟ್ಟಿದೆ. ಅವನ್ನು ತನಿಖೆಗೆ ಒಪ್ಪಿಸು ಅಂತ ಹೇಳಲು ಜಿಲ್ಲಾ ಮ್ಯಾಜಿಸ್ಟ್ರೇಟರೋ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರೋ, ಸೆಷನ್ಸ್ ಕೋರ್ಟೋ, ಹೈಕೋರ್ಟೋ ಬೇಕು. ನಾನು ಅತ್ತೆಗೆ ಬರೆದ ಕಾರ್ಡಿಗೆ ಇರುವ ಬೇಲಿ, ನಾನು ಏನು ಓದುತ್ತೇನೆ ಅನ್ನುವುದಕ್ಕೆ ಇಲ್ಲ. ಇದನ್ನು ಯಾರು ನ್ಯಾಯ ಅಂತಾರೆ?

ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆ 1965ರದು. ಪ್ರಾಧಿಕಾರ ಹೇಗಿರಬೇಕು, ಕರ ಎಷ್ಟು, ಲೆಕ್ಕ ಯಾರು ನೋಡಬೇಕು, ಎಲ್ಲ ಇದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ನಾವು ಕಟ್ಟುವುದೂ ಅದರ ಪ್ರಕಾರವೇ. ಓದುಗರ ಗುಟ್ಟು ಕಾಯುವ ಮಾತು ಮಾತ್ರ ಅದರಲ್ಲಿಲ್ಲ. ಆ ಕಾಲಕ್ಕೆ ಯಾರಿಗೂ ಹೊಳೆಯಲಿಲ್ಲ, ಬಿಡಿ. ಆದರೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅದರ 17ನೇ ಸೆಕ್ಷನ್ ಓದಲು ಹೇಳಿ. ಅಪರಾಧದ ತಡೆ, ತನಿಖೆ ಅಂದರೆ ಅದರ ಬಹುಪಾಲು ಕಟ್ಟಳೆಗಳಿಂದ ವಿನಾಯಿತಿ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಅಂತ ಕೇಂದ್ರ ಸರ್ಕಾರ ಹೆಸರಿಸಿದ ಸಂಸ್ಥೆಗಳಿಗಂತೂ ಇಡೀ ಕಾಯ್ದೆಯೇ ತಟ್ಟುವುದಿಲ್ಲ.

ಬೇರೆ ಕಡೆ ಏನಾಯಿತು ನೋಡಿ. ಅಮೆರಿಕದಲ್ಲಿ 2001ರ ಅಕ್ಟೋಬರಿನಲ್ಲಿ ಪೇಟ್ರಿಯಟ್ ಆಕ್ಟ್ ಎಂಬ ಭಯೋತ್ಪಾದನೆ ತಡೆಯುವ ಕಾನೂನು ಬಂತು. ಅದರ 215ನೇ ಸೆಕ್ಷನ್ ಪ್ರಕಾರ ಅಲ್ಲಿಯ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಗುಪ್ತ ಕೋರ್ಟಿನ ಆದೇಶ ತಂದು ಪುಸ್ತಕ, ಕಡತ ಏನು ಬೇಕಾದರೂ ಕೇಳಬಹುದಿತ್ತು. ಕೊಟ್ಟವರು ಅದರ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಊರಿನ ಲೈಬ್ರರಿಯವರು ಓದುಗರಿಗೆ ಎಚ್ಚರಿಕೆಯ ಬೋರ್ಡು ಹಾಕಿ, ಬೇಡದ ಕಾಗದಗಳನ್ನು ದಿನಾ ಯಂತ್ರಕ್ಕೆ ಹಾಕಿ ಚೂರು ಮಾಡತೊಡಗಿದರು. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ಲೈಬ್ರರಿಗಳ ಒಂದು ಒಕ್ಕೂಟಕ್ಕೆ ಬಳಕೆದಾರರ ಮಾಹಿತಿ ಕೇಳಿ ಎಫ್‌ಬಿಐ ಪತ್ರ ಬಂತು. ಇದಕ್ಕೆ ಕೋರ್ಟಿನ ಆದೇಶವೂ ಇರಲಿಲ್ಲ. ನಾಲ್ವರು ಗ್ರಂಥಪಾಲಕರು ಕೊಡುವುದಿಲ್ಲ ಅಂತ ಕೋರ್ಟಿಗೆ ಹೋದರು. ತಾವು ಯಾರು ಅಂತ ಹೇಳಿಕೊಳ್ಳುವುದೂ ಅವರಿಗೆ ನಿಷಿದ್ಧವಾಗಿತ್ತು. 2006ರಲ್ಲಿ ಸರ್ಕಾರ ಮೊದಲು ಬಾಯಿಬೀಗ ತೆಗೆಯಿತು, ಆಮೇಲೆ ಬೇಡಿಕೆಯನ್ನೇ ಕೈಬಿಟ್ಟಿತು. ಆದರೆ ಅಷ್ಟು ಹೊತ್ತಿಗೆ ಪೇಟ್ರಿಯಟ್ ಆಕ್ಟ್ ನವೀಕರಣ ಆಗಿಹೋಗಿತ್ತು. ಅದರ ಬಗ್ಗೆ ಸಂಸತ್ತು ಚರ್ಚಿಸುವಾಗ, ಅದರ ಬಿಸಿ ತಟ್ಟಿದವರೇ ಮಾತಾಡುವಂತಿರಲಿಲ್ಲ.

ಆ ನಾಲ್ವರ ಧೈರ್ಯ ದೊಡ್ಡದು, ನಿಜ. ಆದರೆ ಅವರ ಬೆನ್ನಿಗೆ ಓದುಗರ ದಾಖಲೆ ಗುಟ್ಟಾಗಿರಬೇಕು ಅನ್ನುವ ಅವರ ರಾಜ್ಯದ ಕಾನೂನಿತ್ತು. 1939ರಿಂದ ಅಮೆರಿಕದ ಗ್ರಂಥಾಲಯ ಸಂಘದ ನೀತಿಸಂಹಿತೆಯೂ ಅದನ್ನೇ ಹೇಳುತ್ತಿತ್ತು. ನಮ್ಮಲ್ಲಿ ಇನ್‌ಸ್ಪೆಕ್ಟರ್ ಎದುರು ನಿಂತರೆ, ಗೌರವಧನದ ಮೇಲೆ ದುಡಿಯುವ ಲೈಬ್ರರಿ ಮೇಲ್ವಿಚಾರಕ ಏನು ತೋರಿಸಿ "ಆಗಂಗಿಲ್ರಿ" ಅನ್ನಬೇಕು? ನಿಮ್ಮ ಸುತ್ತೋಲೆ ಬೇಕಾಗಿರುವುದು ಓದುಗರಿಗಿಂತ ಜಾಸ್ತಿ ಅವರಿಗೆ.

ಓದಿದ್ದೇ ತಪ್ಪಾಗಿ ಕಂಡ ಉದಾಹರಣೆಗೆ ಅಮೆರಿಕದವರೆಗೆ ಹೋಗಬೇಕಿಲ್ಲ. 2012ರಲ್ಲಿ ದಕ್ಷಿಣ ಕನ್ನಡದ ಕುತ್ಲೂರಿನ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು, ಅವನ ತಂದೆಯನ್ನು ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದರು. ಸಾಕ್ಷ್ಯ ಅಂತ ತೋರಿಸಿದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಅಂಥ ಪುಸ್ತಕ ಇಟ್ಟುಕೊಳ್ಳುವುದನ್ನು ಕಾನೂನು ತಡೆಯುವುದಿಲ್ಲ ಅಂತ ಹೇಳಿ ಮಂಗಳೂರಿನ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರಲ್ಲಿ. 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಭೀಮಾ ಕೋರೆಗಾಂವ್ ಪ್ರಕರಣದ ಒಂದು ಜಾಮೀನು ಆದೇಶದಲ್ಲಿ, ಸಾಹಿತ್ಯ ಇಟ್ಟುಕೊಂಡ ಮಾತ್ರಕ್ಕೆ ಭಯೋತ್ಪಾದನೆಯ ಅಪರಾಧ ಆಗುವುದಿಲ್ಲ ಅಂದಿತು. ಒಳ್ಳೆಯ ಮಾತು. ಆದರೆ ಆ ಹುಡುಗನ ಒಂಬತ್ತು ವರ್ಷ ವಾಪಸ್ ಬರಲಿಲ್ಲ.

ಧಾರವಾಡಕ್ಕೆ ಇದು ಜಾಸ್ತಿ ತಾಗುತ್ತದೆ. ಸಪ್ತಾಪುರದ ಕಡೆ ಒಂದು ಸುತ್ತು ಹೊಡೆದರೆ ಗೊತ್ತಾಗುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಉತ್ತರ ಕರ್ನಾಟಕದ ಮೂಲೆಮೂಲೆಯ ಮಕ್ಕಳು ಪಿಜಿ ಹಿಡಿದು ಕೂತಿದ್ದಾರೆ. ಅವರಿಗೆ ಓದಲು ಜಾಗ ಲೈಬ್ರರಿಯೇ. ನಾಳೆ ನೌಕರಿ ಸಿಕ್ಕರೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ಮಾರ್ಕ್ಸ್‌ವಾದವೋ, ಕಾಶ್ಮೀರವೋ, ಮೀಸಲಾತಿಯ ಜಗಳವೋ, ಪ್ರಬಂಧ ಬರೆಯಲು ಇವೆಲ್ಲ ಓದಲೇಬೇಕು. ತನ್ನ ಹೆಸರು ಅಂಥ ಪುಸ್ತಕದ ಪಕ್ಕ ಕೂತಿರುತ್ತದೆ ಅನ್ನುವ ಅನುಮಾನ ಬಂದರೆ ಹುಡುಗರು ಗೈಡ್ ಒಂದನ್ನೇ ಓದಿ ಸುಮ್ಮನಾಗುತ್ತಾರೆ. ಮದುವೆ ಮುರಿದುಕೊಳ್ಳುವುದು ಹೇಗೆ ಅಂತ ಕಾನೂನು ಪುಸ್ತಕ ಹುಡುಕುವ ಹೆಣ್ಣುಮಗಳಿಗೆ ಇನ್ನೂ ಕಷ್ಟ. ನಮ್ಮದು ಎಲ್ಲರಿಗೂ ಎಲ್ಲರೂ ಪರಿಚಯ ಇರುವ ಊರು. ಸರ್ಕಾರ ಕೇಳುವ ಮೊದಲೇ ಮಾವನಿಗೆ ಸುದ್ದಿ ಮುಟ್ಟಿರುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. 2015ರ ಆಗಸ್ಟ್ 30ರ ಬೆಳಗ್ಗೆ ಇದೇ ಊರಿನ ಕಲ್ಯಾಣ ನಗರದಲ್ಲಿ ಸಂಶೋಧಕ, ವಿಚಾರವಾದಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಯಾರು ಯಾವ ವಿಚಾರ ಓದುತ್ತಾರೆ ಅನ್ನುವ ಪಟ್ಟಿ ಒಳ್ಳೆಯ ಅಧಿಕಾರಿಯ ಕೈಯಲ್ಲೇ ಉಳಿಯುತ್ತದೆ ಅಂತ ಈ ಊರಲ್ಲಿ ಕೂತು ನಂಬುವುದು ಕಷ್ಟ.

ಪೊಲೀಸರ ಕೈ ಕಟ್ಟಿಹಾಕಿ ಅನ್ನುತ್ತಿಲ್ಲ. ಕೊಲೆಯೋ, ಮಗು ಕಾಣೆಯಾದದ್ದೋ, ನಿಜವಾದ ತುರ್ತು ಇದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ ಕಾರಣ ಹೇಳಲಿ. ಆದೇಶ ತಂದರೆ ಇದ್ದದ್ದನ್ನು ಕೊಡೋಣ. ವಾಪಸ್ ಬಂದ ಪುಸ್ತಕದ ದಾಖಲೆ ಅಳಿದಿದ್ದರೆ, ಅಳಿದಿದೆ ಅಂತ ಹೇಳೋಣ. ಠೇವಣಿ ಕಟ್ಟುತ್ತೇವೆ, ವಿಳಾಸಕ್ಕೆ ಕರೆಂಟ್ ಬಿಲ್ ತೋರಿಸುತ್ತೇವೆ. ಪುಸ್ತಕ ಕಳೆದರೆ ವಸೂಲಿಗೆ ಅಷ್ಟು ಸಾಕು. ಆಧಾರ್ ಝೆರಾಕ್ಸ್ ಇಟ್ಟುಕೊಳ್ಳುವುದನ್ನು ನಿಲ್ಲಿಸಿ, ಇರುವುದನ್ನು ಹರಿದುಹಾಕಿಸಿ. ಬಾಗಿಲ ರಿಜಿಸ್ಟರಿನಲ್ಲಿ ಎಷ್ಟು ಜನ ಬಂದರು ಅಂತ ಲೆಕ್ಕ ಇಟ್ಟರೆ ಆಯಿತು, ಯಾರು ಬಂದರು ಅಂತ ಯಾಕೆ? 2020ರಲ್ಲಿ ಶುರುವಾದ ಡಿಜಿಟಲ್ ಗ್ರಂಥಾಲಯಕ್ಕೂ ಇದೇ ನಿಯಮ ಇರಲಿ. ಅಲ್ಲಿ ಲಾಗಿನ್ ಆಗಿ ಓದುವವರ ಜಾಡು ಎಷ್ಟು ದಿನ ಇಡುತ್ತೀರಿ ಅಂತ ಮೊದಲ ಪುಟದಲ್ಲೇ ಕನ್ನಡದಲ್ಲಿ ಹಾಕಿಸಿ.

ಹಳ್ಳಿ ಲೈಬ್ರರಿಗಳು 2019ರಲ್ಲಿ ನಿಮ್ಮ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅದಕ್ಕೇ ಈ ಪತ್ರದ ಪ್ರತಿ ಆ ಸಚಿವರಿಗೂ ಕಳಿಸುತ್ತಿದ್ದೇನೆ. ಸುತ್ತೋಲೆ ನಾಳೆಯೇ ಹೊರಡಿಸಬಹುದು. 1965ರ ಕಾಯ್ದೆಗೆ ತಿದ್ದುಪಡಿ ತರಲು ಸದನ ಬೇಕು. ಚಳಿಗಾಲದ ಅಧಿವೇಶನಕ್ಕೆ ನೀವು ಬೆಳಗಾವಿಗೆ ಬಂದೇ ಬರುತ್ತೀರಿ. ಧಾರವಾಡದಿಂದ ಹತ್ತಿರವೇ. ಕರಡು ಬರೆದುಕೊಂಡು ಬನ್ನಿ ಅಂದರೆ ಇಲ್ಲಿಯ ನಾಲ್ಕು ಜನ ಓದುಗರು, ಒಬ್ಬಿಬ್ಬರು ವಕೀಲರು ಸೇರಿ ತರುತ್ತೇವೆ. ಯಾವ ದಿನ, ಎಷ್ಟು ಹೊತ್ತಿಗೆ ಅಂತ ನಿಮ್ಮ ಕಚೇರಿಯಿಂದ ತಿಳಿಸಿದರೆ ಸಾಕು.

ಇಂತಿ,
ಧಾರವಾಡದ ಒಬ್ಬ ಓದುಗ