ಕಾಫಿ ಎಲ್ಲರಿಗೂ ಒಂದೇ ಥರ ಅಲ್ಲ

ಗೆಳೆಯರೇ, ರಾತ್ರಿ ಕಾಫಿ ಕುಡಿದರೆ ನಿದ್ದೆ ಕೆಡುತ್ತದೋ ಇಲ್ಲವೋ ಎಂಬ ಜಗಳ ಗುಂಪಿನಲ್ಲಿ ಜಾಸ್ತಿಯಾಗಿದೆ. ಎರಡೂ ಕಡೆಯವರು ಸರಿಯೇ ಇರಬಹುದು, ದಯವಿಟ್ಟು ನಿಲ್ಲಿಸಿ.

ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನನ್ನು ಬಹುಪಾಲು ಒಡೆಯುವುದು ಲಿವರ್‌ನಲ್ಲಿರುವ ಸಿವೈಪಿ1ಎ2 ಎಂಬ ಕಿಣ್ವ. ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಮೈಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ 5 ಗಂಟೆ ಬೇಕು. ಕೆಲವರಿಗೆ 2 ಸಾಕು, ಕೆಲವರಿಗೆ 9 ಆದರೂ ಆದೀತು. ಎಲ್ಲವನ್ನೂ ಜೀನ್ ತಲೆಗೆ ಕಟ್ಟಬೇಡಿ ಮತ್ತೆ! ಸಿಗರೇಟು ಸೇದುವವರಲ್ಲಿ ಕೆಫೀನ್ ಒಡೆಯುವ ಕೆಲಸ ಚುರುಕು, ಗರ್ಭಿಣಿಯರಲ್ಲಿ ತುಂಬಾ ನಿಧಾನ.

ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಮೈಯಲ್ಲಿ ವಿಟಮಿನ್ ಎ ಆಗುವ ಪ್ರಮಾಣವೂ ಹೀಗೇ, ಒಬ್ಬೊಬ್ಬರಲ್ಲಿ ಒಂದೊಂದು.

ಇದೆಲ್ಲ ಸಣ್ಣ ವಿಷಯ ಬಿಡಿ. ಜಿ6ಪಿಡಿ ಕೊರತೆ, ಅಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು, ಹಾಗಲ್ಲ. ಈ ಕೊರತೆ ಇರುವವರು ಫಾವಾ ಬೀನ್ಸ್ ಎಂಬ ಕಾಳು ತಿಂದರೆ, ಅದರಲ್ಲಿರುವ ವೈಸಿನ್ ಎಂಬ ವಸ್ತುವಿನಿಂದಾಗಿ ಕೆಂಪು ರಕ್ತಕಣಗಳು ಒಡೆಯಬಹುದು. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡಸರಿಗೆ ಅದು ಒಂದೇ ಇರುವುದು, ಹಾಗಾಗಿ ತೊಂದರೆ ಗಂಡಸರಲ್ಲೇ ಜಾಸ್ತಿ. ತಿಂದ ಮೇಲೆ ಮೂತ್ರ ಕಡುಕಂದಾದರೆ, ಕಣ್ಣು ಹಳದಿಯಾದರೆ, ವಿಪರೀತ ಸುಸ್ತಾದರೆ ಇಲ್ಲಿ ಮೆಸೇಜ್ ಹಾಕಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.